ಸೋಲದೆ ಕೆಳಗಿಳಿದ ತಂಡ

ಹದಿಮೂರು ವರ್ಷದ ಮಗಳಿರುವ ಮನೆಯಲ್ಲಿ ಅಪ್ಪನ ಸ್ಥಾನ ವೈ-ಫೈ ಡಬ್ಬಿಯದ್ದು. ಕೆಟ್ಟಾಗ ಮಾತ್ರ ಎಲ್ಲರೂ ಅತ್ತ ತಿರುಗಿ ನೋಡುತ್ತಾರೆ. ಕೊಲ್ಲಿ ದೇಶದ ರಿಗ್ಗೈ ಬಡಾವಣೆಯ ನಮ್ಮ ಫ್ಲಾಟಿನಲ್ಲಿ ನಾನು ಕನ್ನಡದಲ್ಲಿ ಉದ್ದುದ್ದ ವಿಚಾರಿಸಿದರೆ ಮಗಳು ಮೇಘನಾ ‘ಫೈನ್’, ‘ನಥಿಂಗ್’ ಎಂದು ಇಂಗ್ಲಿಷಿನಲ್ಲಿ ಮುಗಿಸಿಬಿಡುತ್ತಿದ್ದಳು. ಕೊನೆಗೆ ಅವಳು ಫುಟ್‌ಬಾಲ್ ನೋಡುವಾಗ ಪಕ್ಕದಲ್ಲಿ ಹೋಗಿ ಕೂರುವ ಉಪಾಯ ಹೂಡಿದೆ. ಕ್ರಿಕೆಟ್ ಬಿಟ್ಟು ಬೇರೆ ಆಟ ನನಗೆ ಗೊತ್ತಿಲ್ಲ ಎಂಬುದನ್ನು ಅವಳೂ ದೊಡ್ಡ ಮನಸ್ಸಿನಿಂದ ಮರೆತಳು.

ಅವಳ ತಂಡವಾದರೂ ಎಂಥದ್ದು! ಇಟಲಿಯ ಯಾವುದೋ ಬೆಟ್ಟದೂರಿನದು. ಮೈದಾನದ ಪಕ್ಕದ ಮನೆಯಲ್ಲಿ ಅಜ್ಜಿಯೊಬ್ಬಳು ಬಟ್ಟೆ ಒಣಹಾಕುತ್ತಲೇ ಆಟಗಾರರನ್ನು ಬೈಯುವ ವಿಡಿಯೋ ನೋಡಿ ಇವಳು ಆ ತಂಡಕ್ಕೆ ಮನಸೋತಿದ್ದಳು.

“ಅಪ್ಪ, ಇಟ್ಸ್ ಸಿಂಪಲ್. ಎ, ಬಿ, ಸಿ, ಡಿ ಅಂತ ಡಿವಿಷನ್ಸ್. ನಾವು ಸಿ. ಗ್ರೂಪಲ್ಲಿ ಫಸ್ಟ್ ಬಂದ್ರೆ ಬಿ. ಲಾಸ್ಟ್ ಬಂದ್ರೆ ಡಿ.”

ನಮ್ಮ ಕ್ರಿಕೆಟ್ಟಿನಲ್ಲಿ ಕೊನೆಗೆ ಬಂದ ತಂಡವೂ ಮರುವರ್ಷ ಅದೇ ಗತ್ತಿನಲ್ಲಿ ಬಂದು ನಿಲ್ಲುತ್ತದೆ. ಇಲ್ಲಿ ಹಾಗಿಲ್ಲ, ಊರಿಗೆ ಊರೇ ಒಂದು ಮೆಟ್ಟಿಲು ಇಳಿಯಬೇಕು. ನಮ್ಮವರು ತೀರಾ ಕೊನೆಯಲ್ಲಿರದಿದ್ದರೂ ಕೊನೆಯವರ ನೆರೆಹೊರೆಯಲ್ಲಿದ್ದರು. ಅಂಥವರಿಗೆ ಉಳಿಯಲು ಕಡೆಯ ಅವಕಾಶವಾಗಿ ಅಂಥದ್ದೇ ಇನ್ನೊಂದು ತಂಡದ ಜೊತೆ ಎರಡು ಪಂದ್ಯ; ಇಬ್ಬರಲ್ಲಿ ಒಬ್ಬರೇ ಉಳಿಯುವುದು. ಮೊದಲನೆಯದು ಸಮವಾಯಿತು. ಎರಡನೆಯ ಪಂದ್ಯ ಒಂದು ಶನಿವಾರ ಸಂಜೆ. ಹೆಂಡತಿ ಅವಲಕ್ಕಿ ಕಲಸಿ ತಂದಿಟ್ಟಳು, ಯಾರೂ ಮುಟ್ಟಲಿಲ್ಲ. ಗೋಲಿಲ್ಲದೆ ಪಂದ್ಯ ಮುಗಿಯಿತು. “ಡ್ರಾ! ಬಚಾವಾದ್ವಿ!” ಎಂದು ನಾನು ಸೋಫಾದಿಂದ ಜಿಗಿದು ಚಪ್ಪಾಳೆ ತಟ್ಟಿದೆ. ತಿರುಗಿ ನೋಡಿದರೆ ಮಗಳು ದಿಂಬಿನಲ್ಲಿ ಮುಖ ಹುದುಗಿಸಿದ್ದಳು.

“ಅಪ್ಪ, ಸಮ ಆದ್ರೆ ಟೇಬಲ್ಲಲ್ಲಿ ಮೇಲಿದ್ದವರು ಉಳೀತಾರೆ. ನಾವು ಕೆಳಗಿದ್ವಿ.”

“ಸೋತೇ ಇಲ್ವಲ್ಲೇ! ಇದ್ಯಾವ ನ್ಯಾಯ? ಯಾರು ಮಾಡಿದ್ದು ಈ ರೂಲು? ಯಾರಿಗೆ ಬರೀಬೇಕು ಹೇಳು, ಈಗ್ಲೇ ಬರೀತೀನಿ!”

ಒಳಗಿನಿಂದ ಹೆಂಡತಿ, “ಮೊದಲು ಆ ಊರಿನ ಹೆಸರು ಸರಿಯಾಗಿ ಹೇಳೋದು ಕಲೀರಿ” ಎಂದಳು. ಮಗಳು ಅಳುತ್ತಲೇ ನಕ್ಕಳು. ಎಷ್ಟೋ ತಿಂಗಳ ಮೇಲೆ ನನ್ನ ಭುಜಕ್ಕೆ ತಲೆಯಾನಿಸಿ, “ಪರವಾಗಿಲ್ಲ ಅಪ್ಪ, ವಾಪಸ್ ಬರ್ತೀವಿ” ಎಂದು ನನ್ನನ್ನೇ ಸಮಾಧಾನಪಡಿಸಿದಳು.

ಈಗ ನಾವು ನಾಲ್ಕನೇ ದರ್ಜೆಯವರು. ನಮ್ಮ ಪಂದ್ಯ ಯಾವ ಪರದೆಯ ಮೇಲೂ ಬರುವುದಿಲ್ಲ. ಭಾನುವಾರ ಸಂಜೆ ನೃತ್ಯದ ಕ್ಲಾಸಿನಿಂದ ಅವಳನ್ನು ಕರೆತರುವಾಗ ನಾನು ಕಾರು ಓಡಿಸುತ್ತೇನೆ, ಅವಳು ಫೋನಿನಲ್ಲಿ ಸ್ಕೋರು ನೋಡಿ ಹೇಳುತ್ತಾಳೆ. ಚಿತ್ರವಿಲ್ಲವಲ್ಲ, ಎಲ್ಲವನ್ನೂ ಬಾಯಲ್ಲೇ ಹೇಳಬೇಕು. ಗೋಲಿನ ಮಾತು ಹಾಗೇ ಸ್ಕೂಲಿನ ಮಾತಾಗಿ, ಗೆಳತಿಯ ಜಗಳವಾಗಿ, ಮನೆ ಬಂದರೂ ಮುಗಿಯುವುದಿಲ್ಲ. ಮೊನ್ನೆ ತಂಡ ಗ್ರೂಪಿನಲ್ಲಿ ಎರಡನೇ ಸ್ಥಾನಕ್ಕೇರಿದೆಯೆಂದು ಅವಳು ಕುಣಿದಾಡಿದಳು. ನಾನೂ ಕುಣಿದೆ. ಆದರೆ ತನ್ನ ತಂಡ ಇನ್ನೊಂದೆರಡು ವರ್ಷ ಕೆಳಗೇ ಇರಲಪ್ಪಾ ಎಂದು ಒಳಗೊಳಗೇ ಹರಕೆ ಹೊರುವ ಅಭಿಮಾನಿ ಈ ಜಗತ್ತಿನಲ್ಲಿ ನಾನೊಬ್ಬನೇ ಇರಬೇಕು.