ಮೂಡುಮನೆ ಮಾವ ಮತ್ತು ಆಸ್ಟ್ರೋಗಾತರು

ಇಡೀ ಕಟಪಾಡಿಯಲ್ಲಿ ಆಸ್ಟ್ರೋಗಾತರ ಚಿಂತೆಯಲ್ಲಿ ಊಟ ಬಿಟ್ಟ ಮನುಷ್ಯ ಇದ್ದರೆ ಅದು ನನ್ನ ಸೋದರಮಾವ ಒಬ್ಬರೇ! ಆಸ್ಟ್ರೋಗಾತರು ಯಾರು ಎಂದು ಕೇಳುತ್ತೀರಾ? ಒಂದು ಕಾಲದಲ್ಲಿ ರೋಮನ್ನರ ನಿದ್ದೆ ಕೆಡಿಸಿದ ಗಾತ್ ಜನರ ಒಂದು ಪಂಗಡ. ಈಗ ನನ್ನ ನಿದ್ದೆ ಕೆಡಿಸುತ್ತಿದ್ದಾರೆ.

ಇದಕ್ಕೆಲ್ಲ ಮೂಲ ಹೆದ್ದಾರಿ. ನಮ್ಮ ಕಡೆ ಮನೆಗೆ ದಿಕ್ಕಿನ ಹೆಸರಿಡುವುದು ವಾಡಿಕೆ. ಹಿರಿಯರ ಜಾಗ ಪಾಲಾದಾಗ ಮೂಡು ದಿಕ್ಕಿನ ಮನೆ ಮಾವನಿಗೆ, ಪಡು ದಿಕ್ಕಿನದು ಅವರ ಅಕ್ಕನಿಗೆ, ಅಂದರೆ ನನ್ನ ದೊಡ್ಡಮ್ಮನಿಗೆ ಬಂತು. ಅಂದಿನಿಂದ ಊರಿಗೆಲ್ಲ ಇವರು ಮೂಡುಮನೆಯವರು, ಅವರು ಪಡುಮನೆ ಅಕ್ಕ. ಸ್ವಂತ ಹೆಸರು ಇದ್ದದ್ದು ರೇಷನ್ ಕಾರ್ಡಿನಲ್ಲಿ ಮಾತ್ರ. ಕಳೆದ ವರ್ಷ ರಸ್ತೆ ಅಗಲವಾದಾಗ ಪಡುಮನೆ ಹೋಯಿತು. ದೊಡ್ಡಮ್ಮ ಮಗಳ ಜೊತೆ ಮಣಿಪಾಲದ ಫ್ಲ್ಯಾಟು ಸೇರಿದರು.

"ಪಡುಮನೆಯೇ ಇಲ್ಲ, ಇನ್ನು ಮೂಡುಮನೆ ಎಂತಕ್ಕೆ? ಗೇಟಿಗೆ ಹೊಸ ಹೆಸರು ಹಾಕಿಸುವ" ಎಂದ ಮಾವನ ಮಗ. ಮಾವ ಕನ್ನಡಕ ಹಾಕಿಕೊಂಡರು. ಜಗತ್ತಿನಲ್ಲಿ ಇನ್ಯಾರಿಗಾದರೂ ಈ ಸಂಕಟ ಬಂದದ್ದುಂಟೋ ಎಂದು ಮೊಬೈಲಿನಲ್ಲಿ ಹುಡುಕುತ್ತಾ ಕುಳಿತರು. ಸಿಕ್ಕವರು ಈ ಆಸ್ಟ್ರೋಗಾತರು.

ಮೊದಲ ಫೋನು ಉತ್ಸಾಹದ್ದು. "ಆಸ್ಟ್ರೋ ಅಂದರೆ ಮೂಡು ಮಾರಾಯ. ಇವರು ಮೂಡಿನ ಗಾತರು, ವಿಸಿಗಾತರು ಪಡುವಿನವರು. ನಮ್ಮ ಹಾಗೆಯೇ ಪಾಲಾದವರು."

ಮರುದಿನ ಸ್ವರ ಇಳಿದಿತ್ತು. "ಮೂಡು ಅಂತ ಖಾತ್ರಿ ಇಲ್ಲವಂತೆ. ಉದಯದ ಸೂರ್ಯನ ಹಾಗೆ ಹೊಳೆಯುವವರು ಅಂತಲೂ ಹೇಳುತ್ತಾರೆ. ವಿಸಿ ಅಂದರೂ ಪಡು ಅಲ್ಲವಂತೆ, ಒಳ್ಳೆಯವರು ಅಂತ ಇರಬಹುದಂತೆ."

"ಒಳ್ಳೆಯದಾಯಿತಲ್ಲ ಮಾವ, ನೀವು ಹೊಳೆಯುವವರು" ಎಂದೆ.

"ಅಕ್ಕ ಒಳ್ಳೆಯವಳು, ಅದು ಸರಿ. ನಾನು ಹೊಳೆಯುವುದು ಎಲ್ಲಿಂದ?"

ಇನ್ನೊಂದು ದಿನದ ಫೋನಿನಲ್ಲಿ ಆ ಜನರ ಹೆಸರಿನದೇ ರಾಜನೊಬ್ಬ ಎದ್ದು ಬಂದ. ಆ ರಾಜನಿಂದ ಜನಕ್ಕೆ ಹೆಸರು ಬಂತೋ, ಜನರ ಹೆಸರಿಗೆ ಒಪ್ಪುವಂತೆ ರಾಜನನ್ನು ಆಮೇಲೆ ಹುಟ್ಟಿಸಿದರೋ? ಅದಕ್ಕೂ ಮೊದಲು ಅವರಿಗೆ ಬೇರೆಯೇ ಹೆಸರಿತ್ತು ಎನ್ನುವವರೂ ಇದ್ದಾರಂತೆ. ಅಷ್ಟು ಹೊತ್ತಿಗೆ ನನ್ನ ತಲೆ ಕೆಟ್ಟು ಮೊಸರುಗಡ್ಡೆಯಾಗಿತ್ತು.

ಮಾವನನ್ನು ಉಡುಪಿಗೆ ಕಣ್ಣಿನ ಪರೀಕ್ಷೆಗೆ ಕರೆದುಕೊಂಡು ಹೋದರೆ ಅಲ್ಲಿಯೂ ಇದೇ. ಡಾಕ್ಟರು ಗೋಡೆಯ ಅಕ್ಷರ ಓದಲು ಹೇಳಿದರು. "ಓದುತ್ತೇನೆ ಡಾಕ್ಟ್ರೇ. ಮೊದಲು ಒಂದು ಹೇಳಿ, ಮೂಡಿನವರು ಪಡುವಿಗೆ ಹೋಗಿ ನೆಲೆಸಿದರೆ ಅವರನ್ನು ಎಂತ ಅಂತ ಕರೆಯುವುದು?" ಡಾಕ್ಟರು ನನ್ನ ಕಡೆ ತಿರುಗಿ, "ಇವರಿಗೆ ಕಣ್ಣಿನದ್ದೇ ತೊಂದರೆಯಾ?" ಎಂದು ಮೆಲ್ಲಗೆ ಕೇಳಿದರು.

ಕಡೆಗೊಂದು ಭಾನುವಾರ ಮಾವ ಮೈ ಒರೆಸುವ ಬೈರಾಸಿನಲ್ಲಿ ಏನನ್ನೋ ಸುತ್ತಿಕೊಂಡು ನಮ್ಮ ಮನೆಗೆ ಬಂದರು. "ಸಿಕ್ಕಿತು. ಆಸ್ಟ್ರೋಗಾತರು ಪಡುವಿಗೆ ನಡೆದು ಇಟಲಿಯಲ್ಲಿ ರಾಜ್ಯ ಕಟ್ಟಿದರು. ಅಲ್ಲಿಯೂ ಹೆಸರು ಬಿಡಲಿಲ್ಲ. ನಡಿ ಮಣಿಪಾಲಕ್ಕೆ."

ಬಸ್ಸಿನಲ್ಲಿ ಬೈರಾಸು ಬಿಚ್ಚಿ ತೋರಿಸಿದರು. ಮನೆ ಕೆಡಹುವಾಗ ಎತ್ತಿಟ್ಟ ಪಡುಮನೆಯ ಮರದ ಬೋರ್ಡು. ನಾನು ಮತ್ತೆ ಗೊಂದಲಕ್ಕೆ ಬಿದ್ದೆ. "ಮಾವ, ಕಟಪಾಡಿಯಿಂದ ಮಣಿಪಾಲ ಮೂಡಿಗಲ್ವಾ? ಅಲ್ಲಿ ಪಡುಮನೆ ಹೇಗಾಗುತ್ತದೆ?"

"ನಿನಗೆ ಚರಿತ್ರೆ ಗೊತ್ತಿಲ್ಲ, ಸುಮ್ಮನಿರು" ಎಂದರು.

ದೊಡ್ಡಮ್ಮ ಸೊರಗಿದ್ದರು. ಬೋರ್ಡು ನೋಡಿ ನಗಲೂ ಇಲ್ಲ. "ಇದೆಲ್ಲ ಎಂತಕ್ಕೆ ತಮ್ಮ? ಇಲ್ಲಿ ನಾನು ಮೂರನೇ ಮಾಳಿಗೆಯ ಆಂಟಿ. ಪಡುಮನೆ ಅಂದರೆ ಯಾರಿಗೆ ಗೊತ್ತುಂಟು?"

ಇಷ್ಟು ದಿನ ಮಾವ ಹುಡುಕುತ್ತಿದ್ದದ್ದು ತನ್ನ ಗೇಟಿನ ಹೆಸರನ್ನು ಎಂದೇ ನಾನು ತಿಳಿದಿದ್ದೆ. ಅವರು ಚಪ್ಪಲಿಯನ್ನೂ ಬಿಚ್ಚದೆ ಬಾಗಿಲಲ್ಲೇ ನಿಂತಿದ್ದರು.

"ಯಾರಿಗೂ ಗೊತ್ತಾಗುವುದು ಬೇಡ. ನೀನು ಪಡುಮನೆ ಅಲ್ಲದೆ ಹೋದರೆ ನಾನು ಯಾರಿಗೆ ಮೂಡು, ಅಕ್ಕ?"

ದೊಡ್ಡಮ್ಮ ಬೋರ್ಡನ್ನು ಕೈಗೆ ತೆಗೆದುಕೊಂಡರು. ಆಮೇಲೆ ಸೆರಗಿನಿಂದ ಬೋರ್ಡಿನ ಧೂಳು ಒರೆಸುತ್ತಾ ಕೇಳಿದರು, "ಮೊಳೆ ತಂದಿದ್ದೀಯಾ?"