ಒಳಗೂ ಹೊರಗೂ ಒಂದೇ ಕನ್ನಡಕ

ಬಣ್ಣದ ವಿಷಯದಲ್ಲಿ ನನ್ನ ಮಾಮನಿಗೆ ಮೋಸ ಮಾಡುವ ಮನುಷ್ಯ ಇನ್ನೂ ಹುಟ್ಟಿಲ್ಲ! ಒಂದೇ ಒಂದು ಸಲ ಅವರು ಮೋಸ ಹೋದರು. ಆ ಕೆಲಸವನ್ನೂ ಬೇರೆಯವರಿಗೆ ಬಿಡದೆ ತಾವೇ ಮಾಡಿಕೊಂಡರು.

ವಾಮದಪದವಿನಲ್ಲಿ ಅವರದು ಬಟ್ಟೆ ಅಂಗಡಿ. ಟ್ಯೂಬ್‌ಲೈಟಿನ ಕೆಳಗೆ ಯಾರಾದರೂ ಸೀರೆ ಮೆಚ್ಚಿದರೆ, "ಒಳಗಿನ ಬಣ್ಣ ನಂಬಬೇಡಿ, ಬಿಸಿಲಿಗೆ ಬನ್ನಿ" ಎಂದು ಸೀರೆ ಹೊತ್ತು ರಸ್ತೆಗೇ ಇಳಿಯುತ್ತಿದ್ದರು. ಬಸ್ಸಿನವರು ಹಾರನ್ ಹೊಡೆದು ಕಾಯಬೇಕು! ಹೀಗೆ ಮಾಡಿದರೆ ವ್ಯಾಪಾರ ಉದ್ಧಾರವಾದೀತೇ?

ತೊಂಬತ್ತರ ದಶಕದ ಕೊನೆಗೆ ಮಾಮಿಯ ಲಿವರ್ ಕೆಟ್ಟಿತು. ಇನ್ನು ಮಾಡುವಂಥದ್ದೇನಿಲ್ಲ ಎಂದು ಡಾಕ್ಟರು ಮಾಮನಿಗೆ ಗುಟ್ಟಾಗಿ ಹೇಳಿದರು. ಮಾಮ ಅದನ್ನು ಮಾಮಿಗೆ ಹೇಳಲಿಲ್ಲ. ಆದರೆ ಮಾಮಿಯ ಮುಖ ದಿನೇ ದಿನೇ ಹಳದಿಯಾಗುತ್ತಿತ್ತು. ಬಣ್ಣದಲ್ಲಿ ಕೂದಲೆಳೆಯ ವ್ಯತ್ಯಾಸವನ್ನೂ ಹಿಡಿಯುವ ಮಾಮನಿಗೆ ಅದನ್ನು ನೋಡುವುದೇ ಶಿಕ್ಷೆಯಾಯಿತು.

ತಮ್ಮ ಕನ್ನಡಕದ ನಂಬರ್ ಬದಲಾಗಿದೆಯೆಂದು ಮಾಮ ಒಂದು ದಿನ ಮಾಮಿಯನ್ನೂ ನನ್ನನ್ನೂ ಮೂಡುಬಿದಿರೆಗೆ ಕರೆದುಕೊಂಡು ಹೋದರು.

"ಬಣ್ಣದ ಗ್ಲಾಸು ಬೇಕು. ಮನೆಯೊಳಗೂ ಹಾಕ್ಬೇಕು, ಹೊರಗೂ ಹಾಕ್ಬೇಕು."

ಕನ್ನಡಕದಂಗಡಿಯವ ಬಿಸಿಲಿಗೆ ಕಪ್ಪಾಗುವ ಹೊಸ ಗ್ಲಾಸು ತೋರಿಸಿದ.

"ಒಳಗೆ ಹೋದ ಕೂಡಲೇ ಬಿಳಿ ಆಗ್ತದಾ? ಹಾಗಾದ್ರೆ ಬೇಡವೇ ಬೇಡ."

ಎಂಥ ಗಿರಾಕಿ! ಆಮೇಲೆ ಶುರುವಾಯಿತು ಸೀರೆಯ ಪರೀಕ್ಷೆ. ಬಣ್ಣದ ಒಂದೊಂದೇ ಗಾಜನ್ನು ಕಣ್ಣಿಗೆ ಹಿಡಿದು ಮಾಮಿಯನ್ನು ಟ್ಯೂಬ್‌ಲೈಟಿನಡಿ ನೋಡುವುದು, ಮೆಟ್ಟಿಲ ಮೇಲೆ ಬಿಸಿಲಿನಲ್ಲಿ ನಿಲ್ಲಿಸಿ ನೋಡುವುದು! ನೀಲಿಯಲ್ಲಿ ನೋಡಿ ಹೌಹಾರಿದರು. ಬೂದು ಬಣ್ಣದ್ದನ್ನು ಥಟ್ಟನೆ ಕೆಳಗಿಟ್ಟರು.

"ಸಾಹೇಬ್ರೆ, ನೀವು ಕನ್ನಡಕಕ್ಕೆ ಬಂದದ್ದಾ, ಹೆಣ್ಣು ನೋಡ್ಲಿಕ್ಕೆ ಬಂದದ್ದಾ?" ಎಂದ ಅಂಗಡಿಯವ.

"ಮದುವೆಯ ದಿನವೂ ಇಷ್ಟು ನೋಡಿರ್ಲಿಲ್ಲ ಇವರು," ಎಂದು ಮಾಮಿ ಶಾಲಿನಲ್ಲಿ ಮುಖ ಮುಚ್ಚಿಕೊಂಡು ನಕ್ಕರು.

ಕೊನೆಗೆ ಚಾ ಬಣ್ಣದ ಗಾಜು. ಮಾಮ ಮಾಮಿಯನ್ನು ನೋಡಿದರು, ನನ್ನನ್ನು ನೋಡಿದರು, ಅಂಗಡಿಯವನನ್ನೂ ನೋಡಿದರು. "ಇದು ಆದೀತು. ಇದರಲ್ಲಿ ಎಲ್ಲರದ್ದೂ ಒಂದೇ ಬಣ್ಣ."

ಅಲ್ಲಿಗೆ ವಾಮದಪದವಿನ ಹೆಂಗಸರ ಗ್ರಹಚಾರ ಕೆಟ್ಟಿತು! ನೇರಳೆ ಸೀರೆಗೆ ಕಾಫಿ ಬಣ್ಣದ ಬ್ಲೌಸ್ ಪೀಸು, ಹಸಿರಿಗೆ ನೀಲಿ. "ಆ ಕನ್ನಡಕ ಒಮ್ಮೆ ತೆಗೀರಿ ಮಾರಾಯ್ರೆ!" ಎಂದು ಅವರು ಬೈದರೆ, "ತೆಗೆದು ಇಲ್ಲೇ ಮರೆತು ಮನೆಗೆ ಹೋದ್ರೆ?" ಎನ್ನುತ್ತಿದ್ದರು ಮಾಮ. ಮನೆಯಲ್ಲಿ ಕರೆಂಟು ಹೋದಾಗಲೂ ತೆಗೆಯಲಿಲ್ಲ. ಮಾಮಿಯ ಗಂಜಿಯ ಬಟ್ಟಲು ಹಿಡಿದು ಬಾಗಿಲಿಗೆ ಢಿಕ್ಕಿ ಹೊಡೆದರು.

ಒಂದು ಶುಕ್ರವಾರ ಮಾಮ ಕನ್ನಡಕ ತೆಗೆದಿಟ್ಟು ಸ್ನಾನಕ್ಕೆ ಹೋಗಿದ್ದರು. ಎದ್ದು ನಿಲ್ಲಲೂ ತ್ರಾಣವಿಲ್ಲದ ಮಾಮಿ ನನ್ನನ್ನು ಕರೆದರು.

"ಆ ಕನ್ನಡಕ ತಾ ಮಗಳೇ. ಕನ್ನಡಿಯೂ ತಾ. ಕಪಾಟಿನಿಂದ ನನ್ನ ಶಾಲುಗಳನ್ನೂ ತಾ."

ಮಾಮನ ಕನ್ನಡಕ ಹಾಕಿಕೊಂಡು, ಒಂದೊಂದೇ ಶಾಲನ್ನು ಕೆನ್ನೆಗೆ ಹಿಡಿದು ಕನ್ನಡಿಯಲ್ಲಿ ನೋಡಿದರು. ನನಗೆ ಅಳು ತಡೆಯಲಾಗಲಿಲ್ಲ.

"ಅಳ್ಬೇಡ. ಈ ಕನ್ನಡಕದಲ್ಲಿ ಯಾವ ಶಾಲು ಚಂದ ಕಾಣ್ತದೆ, ನೋಡಿ ಹೇಳು."

ಕೆಂಪು ಶಾಲು ಆರಿಸಿದೆವು. ಬಚ್ಚಲಿನ ಬಾಗಿಲು ಕಿರುಗುಟ್ಟಿತು.

"ಬೇಗ ಇಡು, ಅವರಿಗೆ ಹೇಳ್ಬೇಡ," ಎಂದು ಕನ್ನಡಕ ನನ್ನ ಕೈಗೆ ಕೊಟ್ಟು, ಮಾಮಿ ಶಾಲು ಸರಿಮಾಡಿಕೊಂಡು ಬಾಗಿಲ ಕಡೆ ಮುಖ ಮಾಡಿ ಕುಳಿತರು.