ನನ್ನದಲ್ಲದ ಕೌದಿ

ನನ್ನ ನೋಟ ಬಲು ಚುರುಕು ಎಂಬ ಜಂಬ ನನಗಿತ್ತು. ನಿಪ್ಪಾಣಿಯ ತಂಬಾಕಿನ ವಖಾರಿಯಲ್ಲಿ ಮೂವತ್ತು ವರ್ಷ ದುಡಿದವನು; ಎಲೆ ಕೈಗೆ ಬಂದರೆ ಸಾಕು, ದರ್ಜೆ ಹೇಳುತ್ತಿದ್ದೆ. ಆದರೆ ಅಷ್ಟೇ ವರ್ಷ ಹೊದ್ದು ಮಲಗಿದರೂ ಹೆಂಡತಿ ಶಾಂತಾ ಹೊಲಿದ ಕೌದಿಗಳನ್ನು ಒಮ್ಮೆಯೂ ನೋಡಿರಲಿಲ್ಲ. ಕಣ್ಣಿಗೆ ಬಿದ್ದಿದ್ದವು, ಅಷ್ಟೇ. ಹಳೆಯ ಸೀರೆ, ಅಂಗಿಗಳ ತುಂಡು ಜೋಡಿಸುತ್ತ ಅವಳು ಹೇಗಿದೆ ಎಂದು ಕೇಳಿದಾಗಲೆಲ್ಲ ಪೇಪರಿನಿಂದ ಮುಖ ಎತ್ತದೆ ಛಲೋ ಐತಿ ಎನ್ನುತ್ತಿದ್ದೆ. ಅವಳು ಮಾಡಿದ ಸಾರಿಗೂ ಅದೇ ಮಾತು.

ಶಾಂತಾ ತೀರಿಕೊಂಡು ಐದು ತಿಂಗಳಾದ ಮೇಲೆ ಬೇಡಕಿಹಾಳದ ನಮ್ಮ ಓಣಿಯಲ್ಲಿ ಒಂದು ಮದುವೆ. ಬೀಗರು ಮಲಗಲು ಮನೆಮನೆಯಿಂದ ಕೌದಿ ಕೇಳಿ ಒಯ್ಯುವುದು ನಮ್ಮಲ್ಲಿ ರೂಢಿ. ಅವಳು ಹೊಲಿದ ಕೊನೆಯ ಕೌದಿಯನ್ನು ಕೊಟ್ಟೆ. ಮದುವೆ ಮುಗಿದ ಮೇಲೆ ಕಟ್ಟೆಯ ಮೇಲಿನ ರಾಶಿಯಿಂದ ಕೆಂಪು ಅಂಚಿನದೊಂದನ್ನು ನಮ್ಮದೆಂದು ಆರಿಸಿ ತಂದೆ. ಎಂಟು ದಿನ ಅದನ್ನು ಮುಖದವರೆಗೆ ಎಳೆದುಕೊಂಡು ಅತ್ತೆ. ಅವಳದೇ ವಾಸನೆ ಎಂದು ನಂಬಿದ್ದೆ.

ಒಂಬತ್ತನೆಯ ದಿನ ಹಿಂದಿನ ಮನೆಯ ತಾರಾಬಾಯಿ ಹೆಗಲ ಮೇಲೊಂದು ಕೌದಿ ಹೊತ್ತು ಬಂದಳು. ನಾನು ಬಿಸಿಲಿಗೆ ಹಾಕಿದ್ದನ್ನು ನೋಡಿ ನಿಂತಳು.

"ಕಾಕಾ, ಇದು ನಮ್ಮ ಅತ್ತೀದ್ರಿ. ಅವರ ಹೊಲಿಗ್ಯಾಗ ಕೋಳಿ ಹಾಯ್ದ ಹೋಗತೈತಿ."

ಅಂದರೆ ನಾನು ಎಂಟು ದಿನ ಅತ್ತದ್ದು ಅವಳ ಅತ್ತೆಯ ಕೌದಿಯಲ್ಲಿ. ಆಕೆ ಇನ್ನೂ ಗಟ್ಟಿಮುಟ್ಟಾಗಿ ಎರಡು ಎಮ್ಮೆ ಹಿಂಡುತ್ತಾರೆ. ಅದನ್ನು ಹೇಳದೆ, ಬಣ್ಣ ಒಂದೇ ಇತ್ತು ಎಂದು ತೊದಲಿದೆ.

"ಬಣ್ಣ ಬಿಡ್ರಿ, ಸೂಜಿ ಹೋದ ದಾರಿ ನೋಡ್ರಿ," ಎಂದು ತಾನು ತಂದ ಶಾಂತಾಳ ಕೌದಿಯನ್ನು ಹಾಸಿದಳು.

ಬೆರಳಿಟ್ಟು ನೋಡಿದೆ. ಎಳ್ಳಿನಂಥ ಹೊಲಿಗೆ ಅಂಚಿನಿಂದ ಸುತ್ತುತ್ತ ನಡುವಿಗೆ ಬಂದಿತ್ತು. ಒಂದೆಡೆ ಸಾಲು ವಾಲಿತ್ತು. ಅವಳಿಗೆ ಜ್ವರವಿದ್ದ ದಿನಗಳಿರಬೇಕು. ಮುಂದೆ ಮತ್ತೆ ನೆಟ್ಟಗಾಗಿತ್ತು. ತಲೆದೆಸೆಯ ಮೂಲೆಯಲ್ಲಿ ನನ್ನ ಹಳೆಯ ಅಂಗಿಯ ತುಂಡು, ಕಿಸೆ ಸಮೇತ. ಕಿಸೆಯ ಬಾಯಿ ಹೊಲಿದಿರಲಿಲ್ಲ. ಕೈ ಹಾಕಿದೆ, ಖಾಲಿ.

"ನಿಮ್ಮ ಚಷ್ಮಾ ಇಡಾಕ್ರಿ," ಎಂದಳು ತಾರಾಬಾಯಿ. "ಎದ್ದ ಕೂಡ್ಲೆ ತುಳದ ಮುರಿತಾರ ಅಂತಿದ್ರು ಕಾಕೂ."

ಈಗ ದಿನಕ್ಕೊಂದು ಗೇಣು ಕೌದಿ ನೋಡುತ್ತೇನೆ. ಮುಗಿಸುವ ಅವಸರವಿಲ್ಲ. ನಿನ್ನೆ ತಾರಾಬಾಯಿಯ ಅತ್ತೆ ತಮ್ಮ ಹೊಸ ಕೌದಿ ತೋರಿಸಿದರು. ನಾನು ಶ್ರದ್ಧೆಯಿಂದ ಮೂಲೆಮೂಲೆಯನ್ನೂ ಪರೀಕ್ಷಿಸಿ, ಮೂರನೆಯ ಸಾಲು ಸೊಟ್ಟಗಿದೆ ಎಂದೆ. ಕೌದಿ ಎತ್ತಿಕೊಂಡು ಹೋದರು. ಇಂದು ಬೆಳಿಗ್ಗೆ ಬಾಗಿಲಲ್ಲಿ ಕೂತು ಅದೇ ಸಾಲು ಬಿಚ್ಚಿ ಮತ್ತೆ ಹೊಲಿಯುತ್ತಿದ್ದರು. ನನ್ನನ್ನು ಕಂಡು, ನನಗೆ ಕೇಳುವಂತೆ ಸೊಸೆಗೆ ಹೇಳಿದರು:

"ಶಾಂತಾ ಇದ್ದಾಗ ಈ ಕಣ್ಣ ಎಲ್ಲಿ ಇಟ್ಟಿದ್ದಾ ಕೇಳವಾ."

ಕೇಳಬೇಕಾದ ಪ್ರಶ್ನೆಯೇ. ನಿಂತು ಆ ಸಾಲು ನೋಡಿದೆ. ನೆಟ್ಟಗಾಗಿತ್ತು. ಹಾಗೆಂದು ಬಾಯಿಬಿಟ್ಟು ಹೇಳಿದೆ.